ಉಪ್ಪುನೀರಿನ ಮೇಲಣ ಹಾಸು: ನಮ್ಮ ಕರಾವಳಿಯ ದಕ್ಕೆಗಳ ಕಥೆ

ಬಸವೇಶ್ವರನಗರದ ನಮ್ಮ ಮನೆಯಿಂದ ಮಂಗಳೂರಿನ ಕಡಲು ಸುಮಾರು 350 ಕಿಲೋಮೀಟರು ದೂರ. ಸಮುದ್ರದ ಉಪ್ಪು ಇಲ್ಲಿಗೆ ಬರುವುದು ಅಡುಗೆಮನೆಯ ಡಬ್ಬಿಯಲ್ಲಿ ಮಾತ್ರ. ಹೀಗಿರುವಾಗ ರಾಜಾಜಿನಗರ, ವಿಜಯನಗರಗಳ ಶಾಲಾ ಕೊಠಡಿಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಸೀಮೆಸುಣ್ಣ ಹಿಡಿದ ನಾನು ಬಂದರು, ದಕ್ಕೆಗಳ ವಿಷಯ ಬರೆಯಹೊರಟದ್ದೇಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಈಗ ಸಿವಿಲ್ ಎಂಜಿನಿಯರ್ ಆಗಿರುವ ಆತ ಕಳೆದ ಶಿಕ್ಷಕರ ದಿನಾಚರಣೆಯಂದು ಮನೆಗೆ ಬಂದಿದ್ದಾಗ ಹೇಳಿದ: "ಸಾರ್, ದಕ್ಕೆಯ ಡೆಕ್ಕನ್ನ ಎಷ್ಟು ಅಗ್ಗವಾಗಿ ಕಟ್ಟಬಹುದು ಅನ್ನೋದೇ ನಮ್ಮ ಆಫೀಸಿನಲ್ಲಿ ದಿನಾ ಚರ್ಚೆ. ಇದಕ್ಕೂ ಒಂದು ಇತಿಹಾಸ ಅಂತ ಇರುತ್ತಾ?" ಇರುತ್ತದೆ. ಅಗ್ಗ ಎಂಬ ಮಾತಿಗೇ ಒಂದು ಇತಿಹಾಸವಿದೆ, ಮತ್ತು ಅದರ ಬಹುಭಾಗ ನಮ್ಮ ಕರಾವಳಿಯಲ್ಲೇ ನಡೆದದ್ದು.

ದಕ್ಕೆ ಎಂದರೆ ದೋಣಿ, ಹಡಗುಗಳು ಬಂದು ತಾಗಿ ನಿಲ್ಲುವ ಕಟ್ಟೆ. ಮಂಗಳೂರು, ಮಲ್ಪೆಯ ಕಡೆ ಇಂದಿಗೂ ಜನರ ಬಾಯಲ್ಲಿರುವ ಶಬ್ದವಿದು. ಈಗಿನ ದೊಡ್ಡ ದಕ್ಕೆಗಳಲ್ಲಿ ಅನೇಕವು ನೀರಿನಲ್ಲಿ ಊರಿದ ಕಂಬಗಳ ಮೇಲೆ ನಿಂತಿರುವ ಕಾಂಕ್ರೀಟಿನ ಚಾವಣಿಗಳು. ಆ ಚಾವಣಿಯನ್ನೇ ಎಂಜಿನಿಯರರು ಡೆಕ್ ಎನ್ನುತ್ತಾರೆ; ನಾನು ಮೇಲ್ಹಾಸು ಎನ್ನುತ್ತೇನೆ. ನಮ್ಮ ಮನೆಯ ತಾರಸಿಗೂ ಅದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ತಾರಸಿಯ ಕೆಳಗೆ ನಾವು ವಾಸಿಸುತ್ತೇವೆ, ಅದರ ಕೆಳಗೆ ಅಲೆಗಳು ವಾಸಿಸುತ್ತವೆ. ಎಲ್ಲ ತೊಂದರೆಗೂ ಮೂಲ ಆ ಬಾಡಿಗೆದಾರರೇ.

ಹಿಂದಿನ ಕಾಲದಲ್ಲಿ ನಮ್ಮ ಕರಾವಳಿಗೆ ಇಂಥ ಮೇಲ್ಹಾಸಿನ ಅಗತ್ಯ ಹೆಚ್ಚಾಗಿ ಇರಲಿಲ್ಲ. ಬಂದರುಗಳೆಲ್ಲ ನದಿಗಳ ಅಳಿವೆಯಲ್ಲಿದ್ದವು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವಲ್ಲಿದೆ. ಅಳಿವೆಯ ಬಾಯಿಗೆ ಮರಳಿನ ದಿಬ್ಬ ಅಡ್ಡ ಬೀಳುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗೆ ಆಳವಾದ ನೀರಿನಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ಹೋಗಿ ಬರುತ್ತಿತ್ತು. ದೋಣಿಗೆ ಬೇಕಾದದ್ದು ಒಂದು ಗಟ್ಟಿ ದಂಡೆ, ಅಷ್ಟೆ. ಮುರಕಲ್ಲು, ಚಿಪ್ಪು ಸುಟ್ಟ ಸುಣ್ಣ, ಮರದ ಕಂಬ, ಇವು ಸಾಕಾಗುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಊರೂರುಗಳ ಸೂರು ಸೇರಿದ ಕೆಂಪು ಹಂಚುಗಳೂ, ಮಲೆನಾಡಿನ ಕಾಫಿಯೂ ಈ ದಾರಿಯಲ್ಲೇ ಹೊರಟವು. ಮಳೆಗಾಲ ಬಂತೆಂದರೆ ವ್ಯಾಪಾರ ನಿಲ್ಲುತ್ತಿತ್ತು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಕೈಕಟ್ಟಿ ಕೂರುವುದು ಅಂದಿನ ಅಗ್ಗದ ಬೆಲೆ.

ಹಳೆಯ ಮೈಸೂರು ಸಂಸ್ಥಾನಕ್ಕಂತೂ ಕಡಲೇ ಇರಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂಬ ಯೋಚನೆ ನಡೆದಿತ್ತು, ಕೈಗೂಡಲಿಲ್ಲ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಕಡಲು ತಾನಾಗಿಯೇ ಮೈಸೂರಿನ ಪಾಲಿಗೆ ಬಂತು. ಬಂದರು ಮಾತ್ರ ತಾನಾಗಿ ಬರುವಂಥದಲ್ಲ.

ಅದಕ್ಕಾಗಿ ದೆಹಲಿಯಲ್ಲಿ ಹಟ ಹಿಡಿದು ಕೆಲಸ ಮಾಡಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. ಹಳೆಯ ಬಂದರಿನ ಉತ್ತರಕ್ಕಿರುವ ಪಣಂಬೂರಿನಲ್ಲಿ 1962ರಲ್ಲಿ ಕಾಮಗಾರಿ ಆರಂಭವಾಯಿತು. ಮಲ್ಯರು 1965ರಲ್ಲಿ ತೀರಿಕೊಂಡರು. ಹಡಗು ಬಂದು ನಿಂತದ್ದನ್ನು ನೋಡಲಿಲ್ಲ. ಅಲ್ಲಿ ಮಾಡಿದ ಉಪಾಯ ವಿಶಿಷ್ಟವಾದದ್ದು. ತೆರೆದ ಕಡಲಿನಲ್ಲಿ ಕಟ್ಟುವ ಬದಲು ದಂಡೆಯ ಒಳಗಿನ ಭೂಮಿಯನ್ನೇ ಕೆರೆಯಂತೆ ಅಗೆದು, ಅದಕ್ಕೆ ಕಡಲಿನಿಂದ ಕಾಲುವೆ ತೋಡಿ, ಕಾಲುವೆಯ ಬಾಯಿಗೆ ಎರಡು ಕಡೆ ಅಲೆ ತಡೆಯುವ ಕಲ್ಲಿನ ಗೋಡೆ ಚಾಚಿದರು. ಅಲೆಯೊಡನೆ ಗುದ್ದಾಡುವ ಖರ್ಚು ಇದರಿಂದ ತಪ್ಪಿತು. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಮುಂದೆ ಕುದುರೆಮುಖದ ಅದಿರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ನೀರಿನೊಡನೆ ಹರಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು. ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಇನ್ನು ಮೇಲ್ಹಾಸಿನ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಹಲವರು ಕೆಂಗೇರಿಯ ಕಡೆಯೋ ಮಾಗಡಿ ರಸ್ತೆಯ ಕಡೆಯೋ ಮನೆ ಕಟ್ಟಿಸಿದವರು. ತಾರಸಿಗೆ ಮೌಲ್ಡಿಂಗ್ ಹಾಕಿಸುವ ದಿನದ ಗದ್ದಲ ನೆನಪಿರಬೇಕು. ಸೆಂಟ್ರಿಂಗ್‌ನವನು ನೆಲದಿಂದ ಕಂಬಗಳನ್ನು ನಿಲ್ಲಿಸಿ, ಮೇಲೆ ಹಲಗೆ, ತಗಡುಗಳನ್ನು ಹರಡುತ್ತಾನೆ. ಅದರ ಮೇಲೆ ಕಂಬಿ ಕಟ್ಟಿ ಕಾಂಕ್ರೀಟು ಸುರಿಯುತ್ತಾರೆ. ಈಗ ಯೋಚಿಸಿ: ಕೆಳಗೆ ನೆಲವೇ ಇಲ್ಲದೆ, ದಿನಕ್ಕೆ ಎರಡು ಬಾರಿ ಏರಿಳಿಯುವ ನೀರು ಇದ್ದರೆ ಸೆಂಟ್ರಿಂಗ್ ಕಂಬವನ್ನು ಎಲ್ಲಿ ಊರುವುದು? ನೀರಿಳಿದಾಗ ಕಟ್ಟಿದ ಹಲಗೆಯನ್ನು ಉಬ್ಬರ ಬಂದಾಗ ಅಲೆ ಕೆಳಗಿನಿಂದ ಗುದ್ದುತ್ತದೆ. ಕೆಲಸಗಾರರು ದೋಣಿಯಲ್ಲಿ ನಿಂತು ಮೊಳೆ ಹೊಡೆಯಬೇಕು. ಹೀಗಾಗಿ ನೀರಿನ ಮೇಲಿನ ಮೇಲ್ಹಾಸಿನಲ್ಲಿ ಸಿಮೆಂಟು, ಜಲ್ಲಿಗಳಷ್ಟೇ ಖರ್ಚನ್ನು ಕೊನೆಗೆ ಬಿಚ್ಚಿ ಎಸೆಯುವ ಈ ಅಚ್ಚೂ, ಅದಕ್ಕೆ ಹಿಡಿಯುವ ದಿನಗಳೂ ತಿನ್ನುತ್ತವೆ.

ಇದಕ್ಕೆ ಎಂಜಿನಿಯರರು ಕಂಡುಕೊಂಡ ಪರಿಹಾರ ಬಹು ಸೊಗಸಾದದ್ದು. ದಂಡೆಯ ಮೇಲಿನ ಅಂಗಳದಲ್ಲಿ, ನೆರಳಿನಲ್ಲಿ, ತೊಲೆಗಳನ್ನೂ ತೆಳು ಹಲಗೆಗಳನ್ನೂ ಕಾಂಕ್ರೀಟಿನಲ್ಲಿ ಮೊದಲೇ ಎರಕ ಹೊಯ್ದುಕೊಳ್ಳುವುದು. ಒಂದೇ ಅಚ್ಚನ್ನು ಹತ್ತಾರು ಬಾರಿ ಬಳಸಬಹುದು. ಅವು ಚೆನ್ನಾಗಿ ಗಟ್ಟಿಯಾದ ಮೇಲೆ ಕ್ರೇನಿನಿಂದ ಎತ್ತಿ ನೀರಿನ ಕಂಬಗಳ ತಲೆಯ ಮೇಲೆ ಕೂರಿಸುವುದು. ಆ ಹಲಗೆಗಳೇ ಸೆಂಟ್ರಿಂಗ್ ಆಗುತ್ತವೆ. ಅವುಗಳ ಮೇಲೆ ಕಂಬಿ ಹರಡಿ ಸ್ಥಳದಲ್ಲೇ ಇನ್ನೊಂದು ಪದರ ಕಾಂಕ್ರೀಟು ಹಾಕಿದರೆ ಹಲಗೆ, ತೊಲೆ, ಮೇಲ್ಪದರ ಎಲ್ಲವೂ ಬೆಸೆದು ಒಂದೇ ಹಾಸಾಗುತ್ತದೆ. ಅಚ್ಚನ್ನು ಬಿಚ್ಚುವ ಕೆಲಸವೂ ಇಲ್ಲ, ಉಬ್ಬರಕ್ಕೆ ಕಾಯುವ ಕೆಲಸವೂ ಕಡಿಮೆ. ಖರ್ಚು ಇಳಿಯುವುದರ ಜೊತೆಗೆ, ಅಲೆಗೆ ಮುಖ ಮಾಡಿರುವ ಕೆಳಮೈ ನೆಲದ ಮೇಲೆ ಎಚ್ಚರಿಕೆಯಿಂದ ತಯಾರಾದದ್ದೇ ಆಗಿರುತ್ತದೆ. ಇದು ಒಳ್ಳೆಯ ಅಗ್ಗ.

ಕೆಟ್ಟ ಅಗ್ಗವನ್ನು ತಿಳಿಯಬೇಕಾದರೆ ಸ್ವಲ್ಪ ರಸಾಯನಶಾಸ್ತ್ರ ಬೇಕು. ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನವರು ದಯವಿಟ್ಟು ಎದ್ದು ಹೋಗಬಾರದು! ಕಾಂಕ್ರೀಟು ಕಲ್ಲಿನಂತೆ ಕಂಡರೂ ಒಳಗೆ ಅದು ಸೂಕ್ಷ್ಮ ರಂಧ್ರಗಳಿರುವ ವಸ್ತು. ಆ ರಂಧ್ರಗಳಲ್ಲಿನ ನೀರು ಬಲವಾದ ಕ್ಷಾರ. ಅದರ ಪಿಎಚ್ ಮೌಲ್ಯ 12ಕ್ಕಿಂತ ಹೆಚ್ಚು. ಇಂಥ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಅತಿ ತೆಳುವಾದ ಒಂದು ಪೊರೆ ಕಟ್ಟಿಕೊಂಡು, ತುಕ್ಕು ಹತ್ತದಂತೆ ಕಾಯುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡು ರಂಧ್ರಗಳ ಮೂಲಕ ಮೆಲ್ಲಗೆ ಒಳಸರಿದು, ಕಂಬಿಯನ್ನು ಮುಟ್ಟಿ ಆ ಪೊರೆಯನ್ನು ಒಡೆಯುತ್ತದೆ. ಆಮೇಲೆ ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ, ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳಿಬಿಡುತ್ತದೆ. ರಾಜಾಜಿನಗರದ ಹಳೆಯ ಮನೆಗಳ ಕಿಟಕಿಯ ಮೇಲಿನ ಸಜ್ಜಾಗಳನ್ನು ತಲೆಯೆತ್ತಿ ನೋಡಿ. ಕೆಳಗಿನ ಚಕ್ಕೆ ಉದುರಿ, ಕಂದು ಬಣ್ಣದ ಕಂಬಿ ಹಲ್ಲು ಕಿರಿದಿರುತ್ತದೆ. ಉಪ್ಪಿಲ್ಲದ ಊರಿನಲ್ಲಿ ಬರಿಯ ಗಾಳಿ, ಮಳೆಗಳೇ ದಶಕಗಳಲ್ಲಿ ಮಾಡಿದ ಕೆಲಸವಿದು. ಕಡಲಿನ ಮೇಲೆ ಇದೇ ಕೆಲಸ ಎಷ್ಟು ಬೇಗ ಆಗಬೇಡ?

ನೀರಿನೊಳಗೆ ಸದಾ ಮುಳುಗಿರುವ ಕಂಬದ ಭಾಗಕ್ಕೆ ಅಷ್ಟು ಅಪಾಯವಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಅಲ್ಲಿ ಉಪ್ಪು ಬೇಕಾದಷ್ಟಿದೆ, ತುಕ್ಕಿಗೆ ಬೇಕಾದ ಆಮ್ಲಜನಕ ಸಾಕಷ್ಟಿಲ್ಲ. ಅಪಾಯವಿರುವುದು ಒಮ್ಮೆ ತೊಯ್ದು ಒಮ್ಮೆ ಒಣಗುವ ಕಡೆ, ಅಲೆಯ ಸೀರ್ಪನಿ ಎರಚುವ ಕಡೆ. ಅಂದರೆ ನೇರವಾಗಿ ಮೇಲ್ಹಾಸಿನ ಕೆಳಮೈಯಲ್ಲಿ. ನೀರು ಆರಿ ಉಪ್ಪು ಉಳಿಯುತ್ತದೆ, ಮರುದಿನ ಇನ್ನಷ್ಟು ಸೇರುತ್ತದೆ. ಮಳೆಯ ಸಿಹಿನೀರು ಅಲ್ಲಿಗೆ ತಲುಪಿ ತೊಳೆಯುವುದೂ ಇಲ್ಲ. ತೊಲೆಯ ಕೆಳ ಅಂಚುಗಳಿಗಂತೂ ಉಪ್ಪು ಎರಡು ಮಗ್ಗುಲಿನಿಂದ ನುಗ್ಗುತ್ತದೆ. ಆದ್ದರಿಂದಲೇ ತೊಲೆ, ಮೂಲೆಗಳು ಕಡಿಮೆಯಿರುವ ಸಪಾಟು ಹಾಸು ಕೆಲವೆಡೆ ಹೆಚ್ಚು ಕಾಂಕ್ರೀಟು ತಿಂದರೂ ಕೊನೆಗೆ ಲಾಭವೆನಿಸುತ್ತದೆ.

ಉಪ್ಪನ್ನು ತಡೆದು ನಿಲ್ಲಿಸುವುದು ಕಂಬಿಗೂ ಹೊರಮೈಗೂ ನಡುವಿನ ಕಾಂಕ್ರೀಟಿನ ಹೊದಿಕೆ; ಮೇಸ್ತ್ರಿಗಳ ಭಾಷೆಯಲ್ಲಿ ಕವರ್. ಇದರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ಉಪ್ಪು ಒಳಸರಿಯಲು ಹಿಡಿಯುವ ಕಾಲ ಸ್ಥೂಲವಾಗಿ ಹೊದಿಕೆಯ ದಪ್ಪದ ವರ್ಗದಂತೆ ಬೆಳೆಯುತ್ತದೆ. 25 ಮಿಲಿಮೀಟರು ದಾಟಲು 10 ವರ್ಷ ಹಿಡಿದರೆ, ಅದೇ ಗುಣದ ಕಾಂಕ್ರೀಟಿನಲ್ಲಿ 50 ಮಿಲಿಮೀಟರು ದಾಟಲು 20 ಅಲ್ಲ, ಸುಮಾರು 40 ವರ್ಷ. ಈ ಹೆಚ್ಚಿನ 25 ಮಿಲಿಮೀಟರಿಗೆ ಎಷ್ಟು ಕಾಂಕ್ರೀಟು ಬೇಕು? ಚದರ ಮೀಟರಿಗೆ 25 ಲೀಟರು, ಎಂದರೆ ಎರಡು ಬಕೆಟ್ಟು. 200 ಮೀಟರು ಉದ್ದ, 20 ಮೀಟರು ಅಗಲದ ದಕ್ಕೆಗೆ 100 ಘನ ಮೀಟರು. ಕಾಂಕ್ರೀಟಿನ ಖರ್ಚಷ್ಟೇ ಆದರೆ ಯಾರೂ ಹಿಂದೆಮುಂದೆ ನೋಡಬೇಕಿಲ್ಲ. ಆದರೆ ಅದರ ತೂಕ 250 ಟನ್ನು. ಅದನ್ನು ಕಂಬಗಳು ಹೊರಬೇಕು. ಹೊದಿಕೆ ಅತಿ ದಪ್ಪವಾದರೆ ಹೊರಮೈಯ ಬಿರುಕುಗಳು ಅಗಲವಾಗುತ್ತವೆ. ಹೀಗೆ ಅತ್ತ ದರಿ ಇತ್ತ ಪುಲಿ ಎಂಬಲ್ಲಿ ಎಂಜಿನಿಯರು ಹದ ಹುಡುಕಬೇಕು. ಅದು ಸುಲಭದ ಕೆಲಸವೆಂದು ನಾನು ಹೇಳುವುದಿಲ್ಲ.

ಈ ಹದವನ್ನು ದೇಶ ಕಲಿತ ಬಗೆಯನ್ನು ಒಂದು ಸರ್ಕಾರಿ ದಾಖಲೆಯಲ್ಲಿ ಓದಬಹುದು. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 456 ಮೊದಲು ಹೊರಬಂದದ್ದು 1953ರಲ್ಲಿ. 1978ರಲ್ಲಿ ಒಮ್ಮೆ, 2000ದಲ್ಲಿ ಮತ್ತೊಮ್ಮೆ ದೊಡ್ಡ ಪರಿಷ್ಕರಣೆ ಕಂಡಿತು. 2000ದ ಪರಿಷ್ಕರಣೆಯಲ್ಲಿ ಬಾಳಿಕೆಗೆ ಬಲದಷ್ಟೇ ಮರ್ಯಾದೆ ಸಿಕ್ಕಿತು. ಪರಿಸರವನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಕಡಲ ಸೀರ್ಪನಿ ತಾಗುವ ಕಡೆ ಕನಿಷ್ಠ ಎಂ35 ಕಾಂಕ್ರೀಟು ಮತ್ತು 50 ಮಿಲಿಮೀಟರು ಹೊದಿಕೆ, ಉಬ್ಬರವಿಳಿತದ ವಲಯದಲ್ಲಿ ಎಂ40 ಮತ್ತು 75 ಮಿಲಿಮೀಟರು ಎಂದು ವಿಧಿಸಲಾಯಿತು. ಒಳಾಂಗಣದ ಸೌಮ್ಯ ಪರಿಸರಕ್ಕೆ ಕೇವಲ 20 ಮಿಲಿಮೀಟರು. ಕಲಸುವ ನೀರಿನ ಮಾತೂ ಅಲ್ಲಿದೆ. ಕಂಬಿಯಿರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಸಮುದ್ರದ ನೀರಿನಲ್ಲಿ ಅದು ಸುಮಾರು 19,000! ಸುತ್ತಲೂ ನೀರಿದ್ದರೂ ಕಲಸಲಿಕ್ಕೂ ಕ್ಯೂರಿಂಗಿಗೂ ಸಿಹಿನೀರನ್ನು ತರಿಸಲೇಬೇಕು. ನಮ್ಮ ತಾರಸಿಗಳ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದಂತೆ ಅಲ್ಲಿ ಮನಸ್ಸು ಬಂದಷ್ಟು ನೀರು ನಿಲ್ಲಿಸಲಾಗದು. ಕೆಟ್ಟ ಅಗ್ಗ ನುಸುಳುವುದು ಇಂಥ ಕಡೆಗಳಲ್ಲಿ: ಎರಡು ದಿನ ಕಡಿಮೆ ಕ್ಯೂರಿಂಗು, ಕವರ್ ಬ್ಲಾಕ್ ಇಡದೆ ಹಲಗೆಗೆ ತಾಗಿ ಮಲಗಿದ ಕಂಬಿ, ಸುಲಭವಾಗಿ ಹರಿಯಲೆಂದು ಕಾಂಕ್ರೀಟಿಗೆ ಸುರಿದ ಒಂದು ಕೊಡ ಹೆಚ್ಚಿನ ನೀರು. ಹಾಸು ಸಿದ್ಧವಾದ ದಿನ ಇವುಗಳಲ್ಲಿ ಒಂದೂ ಕಣ್ಣಿಗೆ ಕಾಣುವುದಿಲ್ಲ. ಉದ್ಘಾಟನೆಯ ಫೋಟೋದಲ್ಲಿ ಎಲ್ಲ ಡೆಕ್ಕುಗಳೂ ಒಂದೇ ತರಹ.

ಇದರ ಪರಿಣಾಮ ಹೇಗಿರುತ್ತದೆ ಎಂಬುದನ್ನು ನಮ್ಮ ನೆರೆಯ ಗೋವೆ ಕಂಡಿತು. ಪಣಜಿಯ ಬಳಿ ಮಾಂಡೋವಿ ನದಿಯ ಮೇಲೆ 1970ರ ಸುಮಾರಿಗೆ ಸಂಚಾರಕ್ಕೆ ತೆರೆದ ಸೇತುವೆ 1986ರ ಜುಲೈ 5ರಂದು ಕುಸಿಯಿತು. ಅದು ಬಿಗಿದೆಳೆದ ಉಕ್ಕಿನ ಹುರಿಗಳನ್ನು ಒಳಗಿಟ್ಟು ಕಟ್ಟಿದ ಕಾಂಕ್ರೀಟು. ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ತೊಡಿಸಿದರೆ ಅದು ಆರಿ ಮರವನ್ನು ಬಿಗಿಹಿಡಿಯುತ್ತದಲ್ಲ, ಹಾಗೆ ಹುರಿ ಕಾಂಕ್ರೀಟನ್ನು ಹಿಡಿದಿಡುತ್ತದೆ. ತೊಲೆ ಸಣ್ಣದಾಗುತ್ತದೆ, ಖರ್ಚು ಇಳಿಯುತ್ತದೆ. ಆದರೆ ಅಳಿವೆಯ ಉಪ್ಪು ಹುರಿಗಳನ್ನು ತಿಂದಿತ್ತು. ಸಾಧಾರಣ ಕಂಬಿ ತುಕ್ಕು ಹಿಡಿದರೆ ಬಿರುಕು, ಕಂದು ಕಲೆ ತೋರಿಸಿ ಮುನ್ಸೂಚನೆ ಕೊಡುತ್ತದೆ. ಬಿಗಿದ ಹುರಿ ಹೇಳದೆ ಕೇಳದೆ ತುಂಡಾಗಬಲ್ಲದು. ಹದಿನಾರು ವರ್ಷದ ಸೇತುವೆ ಬಿದ್ದ ಮೇಲೆ ಪಣಜಿಯ ಜನ ಮತ್ತೆ ದೋಣಿ ಹತ್ತಿದರು.

ನಮ್ಮ ಕಾರವಾರದ ಕಥೆ ತೀರಾ ಇತ್ತೀಚಿನದು. ಕಾಳಿ ನದಿ ಕಡಲು ಸೇರುವಲ್ಲಿ ಕಾರವಾರವನ್ನೂ ಸದಾಶಿವಗಡವನ್ನೂ ಕೂಡಿಸಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಒಂದು ಗಂಟೆಯ ಸುಮಾರಿಗೆ ಕುಸಿದು ಬಿತ್ತು. ಅದಕ್ಕೆ ಆಗ ಸುಮಾರು ನಲವತ್ತು ವರ್ಷ. ದಾಟುತ್ತಿದ್ದ ಒಂದು ಲಾರಿ ನದಿಗೆ ಬಿದ್ದಿತು. ಅದರ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಪಾರುಮಾಡಿದರು. ಹಗಲಿನಲ್ಲಿ ಆಗಿದ್ದರೆ ಎಂದು ಯೋಚಿಸಲೂ ಭಯವಾಗುತ್ತದೆ. ಒಂದು ಸೇತುವೆ ಬೀಳಲು ಹಲವು ಕಾರಣಗಳು ಕೂಡುತ್ತವೆ. ಅದರ ತೀರ್ಪು ಕೊಡುವುದು ನಿವೃತ್ತ ಮೇಷ್ಟರ ಕೆಲಸವಲ್ಲ. ನಾನು ಹೇಳುವುದು ಇಷ್ಟೆ: ಸೇತುವೆ ಬರುವ ಮುನ್ನ ಆ ಅಳಿವೆಯನ್ನು ಲಾಂಚಿನಲ್ಲಿ ದಾಟುತ್ತಿದ್ದವರಿಗೆ ಅದು ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಆಯಿತೆಂಬ ನಂಬಿಕೆಯಿತ್ತು. ಅದು ಅವರ ಜೀವಿತಕಾಲದಲ್ಲೇ ಬಿತ್ತು.

ದುಬಾರಿಯಾಗಿ ಕಟ್ಟಿ ಗೆದ್ದವರೂ ಇದ್ದಾರೆ. ಮೆಕ್ಸಿಕೋ ದೇಶದ ಪ್ರೊಗ್ರೆಸೊ ಎಂಬಲ್ಲಿ 1937 ಮತ್ತು 1941ರ ನಡುವೆ ಸಮುದ್ರದೊಳಕ್ಕೆ ಸುಮಾರು ಎರಡು ಕಿಲೋಮೀಟರು ಚಾಚಿದ ದಕ್ಕೆಯೊಂದನ್ನು ಕಟ್ಟಿದರು. ಅಲ್ಲಿ ಸಿಗುವ ಜಲ್ಲಿ ಸುಣ್ಣಕಲ್ಲಿನದು, ಉಪ್ಪುನೀರು ಸುಲಭವಾಗಿ ಇಳಿಯುವಂಥದು. ಅದನ್ನರಿತು ಕಂಬಿಯನ್ನೇ ತುಕ್ಕು ಹಿಡಿಯದ ಉಕ್ಕಿನದು ಹಾಕಿದರು; ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಯ ಜಾತಿಯದು. ಬೆಲೆ ಸಾಧಾರಣ ಕಂಬಿಗಿಂತ ಹಲವು ಪಟ್ಟು. ಅಂದು ಅದನ್ನು ದುಂದು ಎಂದವರು ಇದ್ದೇ ಇರಬೇಕು. ಮುಂದೆ ಪಕ್ಕದಲ್ಲೇ ಸಾಧಾರಣ ಕಂಬಿಯಿಂದ ಕಟ್ಟಿದ ಮತ್ತೊಂದು ದಕ್ಕೆ ನಾಶವಾಗಿ, ಅದರ ಮೋಟುಗಂಬಗಳು ಮಾತ್ರ ನೀರಿನಲ್ಲಿ ಉಳಿದವು. ಹಳೆಯದು ಗಟ್ಟಿಯಾಗಿಯೇ ನಿಂತಿತು. ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಲ್ಲಿ ತೆರೆದ ಹೊಸ ಪಾಂಬನ್ ರೈಲು ಸೇತುವೆಯಲ್ಲೂ ತುಕ್ಕುನಿರೋಧಕ ಉಕ್ಕಿನ ಕಂಬಿ ಬಳಸಿದ್ದಾರೆ. ಇಡೀ ಹಾಸಿಗೆ ಅದನ್ನೇ ಹಾಕಬೇಕಾಗಿಲ್ಲ. ಸೀರ್ಪನಿ ತಾಗುವ ಹೊರಪದರಕ್ಕಷ್ಟೇ ಬಳಸಿ ಒಳಗೆ ಸಾಧಾರಣ ಕಂಬಿ ಇಡುವ ಕ್ರಮವೂ ಉಂಟು.

ಆದರೆ ಬಾಳಿಕೆಗೆ ದುಬಾರಿಯ ದಾರಿಯೊಂದೇ ಇರುವುದಲ್ಲ. 1911ರಲ್ಲಿ ಕೆಲಸ ಆರಂಭವಾದ ನಮ್ಮ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ. ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಸಮುದ್ರದೊಳಗೆ ಬಂದರುಗಳನ್ನು ಕಟ್ಟಿದಾಗ ಸುಣ್ಣಕ್ಕೆ ಬೆರೆಸಿದ್ದು ಜ್ವಾಲಾಮುಖಿಯ ಬೂದಿ. ಎರಡರ ಗುಟ್ಟೂ ಒಂದೇ: ಬೆಂದ ಪುಡಿ ಸುಣ್ಣದೊಡನೆ ಕೂಡಿ ಕಲ್ಲಾಗುತ್ತದೆ, ರಂಧ್ರಗಳು ಮುಚ್ಚುತ್ತವೆ. ಇಂದು ಆ ಕೆಲಸವನ್ನು ಶಾಖೋತ್ಪನ್ನ ಸ್ಥಾವರಗಳ ಹಾರುಬೂದಿಯೂ ಉಕ್ಕಿನ ಕಾರ್ಖಾನೆಗಳ ಕಿಟ್ಟದ ಪುಡಿಯೂ ಮಾಡುತ್ತವೆ. ರಾಯಚೂರಿನ ಶಕ್ತಿನಗರದಲ್ಲಿ ಬೂದಿಯುಂಟು, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಕಿಟ್ಟವುಂಟು. ಸಿಮೆಂಟಿನ ಒಂದು ಪಾಲನ್ನು ತೆಗೆದು ಇವನ್ನು ಸೇರಿಸಿದರೆ ಖರ್ಚೂ ಇಳಿಯುತ್ತದೆ, ಕ್ಲೋರೈಡಿನ ನಡಿಗೆಯೂ ನಿಧಾನವಾಗುತ್ತದೆ. ಒಂದೇ ಷರತ್ತು ತಾಳ್ಮೆ. ಇಂಥ ಕಾಂಕ್ರೀಟು ನಿಧಾನವಾಗಿ ಬಲಿಯುತ್ತದೆ. ಮಾನಕದ ಪ್ರಕಾರ ಕ್ಯೂರಿಂಗು ಕನಿಷ್ಠ 10 ದಿನ, ಬಿಸಿಲು ಒಣಹವೆಗಳಿದ್ದರೆ 14. ಕಂತ್ರಾಟುದಾರನ ಗಡಿಬಿಡಿಗೂ ಇದಕ್ಕೂ ಆಗಿಬರುವುದಿಲ್ಲ.

ನನ್ನ ಶಿಷ್ಯ ಇದನ್ನೆಲ್ಲ ಕೇಳಿ, "ಸಾರ್, ಟೆಂಡರಿನಲ್ಲಿ ನೋಡೋದು ಕಟ್ಟುವ ದಿನದ ಬೆಲೆ ಮಾತ್ರ" ಎಂದ. ಅವನ ಮಾತು ಸುಳ್ಳಲ್ಲ. ಕಟ್ಟುವವರ ಲೆಕ್ಕಪುಸ್ತಕ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ರಿಪೇರಿಯ ಪುಸ್ತಕ ಬೇರೆಯವರ ಕೈಯಲ್ಲಿ, ಬೇರೆ ದಶಕದಲ್ಲಿ ತೆರೆಯುತ್ತದೆ. ನೀರಿನ ಮೇಲೆ ತೂಗು ಹಲಗೆ ಕಟ್ಟಿಕೊಂಡು, ಹಾಳಾದ ಕಾಂಕ್ರೀಟನ್ನು ತಲೆಯ ಮೇಲಿನಿಂದ ಕೆತ್ತಿ, ಕಂಬಿ ಉಜ್ಜಿ, ಮತ್ತೆ ತುಂಬುವ ಕೆಲಸ ಎಷ್ಟು ಕಷ್ಟದ್ದೆಂದು ಮಾಡಿದವರನ್ನೇ ಕೇಳಬೇಕು. ಆ ದಿನಗಳಲ್ಲಿ ದಕ್ಕೆಗೆ ಹಡಗು ಬಾರದೆ ಆಗುವ ನಷ್ಟ ಬೇರೆ.

ನಿಮ್ಮಲ್ಲಿ ಯಾರಾದರೂ ಈ ಬಾರಿ ರಜೆಯಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋದರೆ, ಮೀನಿನೂಟ ಮುಗಿಸಿ, ಸಂಜೆಯ ಸೂರ್ಯನ ಫೋಟೋ ತೆಗೆಯುವ ಮೊದಲು, ನೀರು ಇಳಿದಿರುವ ಹೊತ್ತು ನೋಡಿ ದಂಡೆಯಿಂದ ದಕ್ಕೆಯ ಅಡಿಯನ್ನೊಮ್ಮೆ ಬಗ್ಗಿ ನೋಡಿ. ತೊಲೆಯ ಕೆಳ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು, ಅದರಿಂದ ಇಳಿದ ಕಂದು ಗೆರೆ ಕಂಡರೆ, ಮೇಲೆ ಮೀನಿನ ಬುಟ್ಟಿ ಹೊತ್ತು ಓಡಾಡುವವರಿಗೆ ಅದು ಕಾಣುತ್ತಿಲ್ಲ ಎಂಬುದೂ ನಿಮಗೆ ಹೊಳೆಯುತ್ತದೆ.